ಭಯದ ಕಥೆ ದುಃಶ್ರುತಿಯೇ?

ಶ್ರಾವಕನಿಗೆ ವಿಧಿಸಿರುವ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಪಾಪಕ್ಕೆ ಎಡೆಮಾಡಿಕೊಡುವ ನಡೆಗಳಿಂದ ದೂರವಿರುವುದೆಂದು ಅದರ ಸ್ಥೂಲಾರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಂಥ ಅನರ್ಥದಂಡಗಳನ್ನು ಐದೆಂದು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಇವುಗಳಲ್ಲಿ ಉಳಿದ ನಾಲ್ಕರ ಬಗ್ಗೆ ನಮ್ಮ ಪ್ರವಚನಗಳಲ್ಲಿ ಸಾಕಷ್ಟು ವಿವರಣೆ ದೊರೆಯುತ್ತದೆ. ದುಃಶ್ರುತಿಯನ್ನು ಮಾತ್ರ ‘ಕೆಟ್ಟದ್ದನ್ನು ಕೇಳಬಾರದು’ ಎಂಬ ಒಂದು ಮಾತಿನಲ್ಲಿ ದಾಟಿಬಿಡುವುದು ವಾಡಿಕೆಯಾಗಿದೆ. ಆಚಾರ್ಯರ ಕಾಲದಲ್ಲಿ ಶ್ರುತಿಯೆಂದರೆ ಕಿವಿಯಿಂದ ಕೇಳುವುದು. ಇಂದು ಓದುವುದು, ನೋಡುವುದು, ಅಂಗೈಯಲ್ಲಿರುವ ಫೋನಿನಲ್ಲಿ ಹಗಲಿರುಳು ಬಂದು ಬೀಳುವುದು, ಎಲ್ಲವೂ ಅದರೊಳಗೆ ಸೇರಬೇಕು. ಆದ್ದರಿಂದ ಯಾವುದು ದುಃಶ್ರುತಿ, ಯಾವುದು ಅಲ್ಲ ಎಂಬ ವಿವೇಚನೆ ಹಿಂದೆಂದಿಗಿಂತಲೂ ಈಗ ಅಗತ್ಯವಾಗಿದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಈ ವಿಚಾರ ನನ್ನನ್ನು ಹಿಡಿದುಕೊಂಡದ್ದು ಒಂದು ಪುಸ್ತಕದ ನೆವದಿಂದ. ಮೊಮ್ಮಗಳು ಕಾಲೇಜಿನ ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಕಥಾಸಂಕಲನವನ್ನು ತಂದಿದ್ದಳು. ಮೂಲ ಸ್ಪ್ಯಾನಿಷ್, ಶೀರ್ಷಿಕೆಯನ್ನು ಕನ್ನಡಿಸಿದರೆ ‘ಕತ್ತು ಕೊಯ್ದ ಕೋಳಿ ಮತ್ತು ಇತರ ಕಥೆಗಳು’ ಎಂದಾಗುತ್ತದೆ. ಆ ಹೆಸರನ್ನು ಕೇಳಿಯೇ ಸೊಸೆ ಗಾಬರಿಯಾದಳು. “ಮಾವ, ಇಂಥದ್ದು ನಮ್ಮ ಮನೆಯೊಳಗೆ ಇರಬಹುದೇ? ನೀವೇ ಓದಿ ಹೇಳಿ” ಎಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಮೂರು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಬಳಿಕ ಇನ್ನೊಮ್ಮೆ, ನಿಧಾನವಾಗಿ, ಹಗಲಿನಲ್ಲಿ ಓದಿದೆ.

ಲೇಖಕರು ಒರಾಸಿಯೋ ಕಿರೋಗಾ. ಸ್ಪ್ಯಾನಿಷ್ ಎಂದ ಮಾತ್ರಕ್ಕೆ ಸ್ಪೇನ್ ದೇಶದವರಲ್ಲ. ದಕ್ಷಿಣ ಅಮೆರಿಕದ ಉರುಗ್ವೆಯ ಸಾಲ್ತೋ ಪಟ್ಟಣದಲ್ಲಿ 1878ರಲ್ಲಿ ಜನಿಸಿದವರು. ಬದುಕಿನ ಬಹುಭಾಗವನ್ನು ಕಳೆದದ್ದು ಅರ್ಜೆಂಟೀನಾದಲ್ಲಿ, ಅದರಲ್ಲಿಯೂ ಈಶಾನ್ಯದ ಮಿಸಿಯೋನೆಸ್ ಪ್ರಾಂತ್ಯದಲ್ಲಿ. ಅದು ಪರಾನಾ ಮತ್ತು ಉರುಗ್ವೆ ನದಿಗಳ ನಡುವಿನ ಕೆಮ್ಮಣ್ಣಿನ ಕಾಡುನಾಡು. 1903ರಲ್ಲಿ ಅಲ್ಲಿಯ ಜೆಸ್ವಿಟ್ ಮಠಗಳ ಅವಶೇಷಗಳನ್ನು ನೋಡಹೊರಟ ಒಂದು ತಂಡದೊಡನೆ ಛಾಯಾಗ್ರಾಹಕರಾಗಿ ಹೋದವರು ಆ ಕಾಡಿಗೆ ಮನಸೋತು, ಮುಂದೆ ಸಾನ್ ಇಗ್ನಾಸಿಯೋ ಎಂಬಲ್ಲಿ ಮನೆಯನ್ನೇ ಕಟ್ಟಿಕೊಂಡರು. ಅವರ ಪ್ರಸಿದ್ಧ ಕಥಾಸಂಪುಟ ಹೊರಬಂದದ್ದು 1917ರಲ್ಲಿ. ಪ್ರೀತಿ, ಹುಚ್ಚು, ಸಾವು ಈ ಮೂರರ ಕಥೆಗಳೆಂದು ಅದರ ಹೆಸರು. ಶೀರ್ಷಿಕೆಯಲ್ಲಿ ಆ ಪದಗಳ ನಡುವೆ ಅಲ್ಪವಿರಾಮ ಹಾಕಕೂಡದೆಂದು ಅವರು ಪಟ್ಟುಹಿಡಿದರಂತೆ. ಮೂರೂ ಒಂದರೊಳಗೊಂದು ಬೆರೆತಿವೆಯೆಂದು ಅವರ ಭಾವನೆಯಿದ್ದಿರಬೇಕು. ನಮ್ಮ ಮನೆಗೆ ಬಂದದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಮುದ್ರಣಾಲಯ 1976ರಲ್ಲಿ ಪ್ರಕಟಿಸಿದ, ಮಾರ್ಗರೆಟ್ ಸೇಯರ್ಸ್ ಪೆಡೆನ್ ಅವರು ಅನುವಾದಿಸಿದ 12 ಕಥೆಗಳ ಆಯ್ಕೆ.

ಲೇಖಕರ ಜೀವನವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಒಂದು ವಿಷಯವನ್ನು ಹೇಳಲೇಬೇಕು. ಅವರಿನ್ನೂ ಹಸುಳೆಯಾಗಿದ್ದಾಗ ತಂದೆ ಕೈಯಲ್ಲಿದ್ದ ಬಂದೂಕು ಆಕಸ್ಮಿಕವಾಗಿ ಹಾರಿ ತೀರಿಕೊಂಡರು. 1902ರಲ್ಲಿ, ದ್ವಂದ್ವಯುದ್ಧಕ್ಕೆ ಹೊರಟಿದ್ದ ಆಪ್ತಮಿತ್ರನ ಪಿಸ್ತೂಲನ್ನು ಪರೀಕ್ಷಿಸುತ್ತಿದ್ದಾಗ ಕಿರೋಗಾರವರ ಕೈಯಿಂದಲೇ ಗುಂಡು ಹಾರಿ ಆ ಮಿತ್ರ ಸತ್ತನು. ಮಲತಂದೆ, ಮೊದಲ ಹೆಂಡತಿ, ಕೊನೆಗೆ 1937ರಲ್ಲಿ ಕ್ಯಾನ್ಸರ್ ಪೀಡಿತರಾದ ಅವರೇ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಸಾವನ್ನು ಮನರಂಜನೆಯ ಸರಕನ್ನಾಗಿ ಮಾರಿದ ಮನುಷ್ಯನಲ್ಲ ಇವರು. ಅದರೊಡನೆ ಒಂದೇ ಸೂರಿನಡಿ ಬದುಕಿದವರು. ಹೀಗೆಂದ ಮಾತ್ರಕ್ಕೆ ಕಥೆಗಳು ನಿರ್ದೋಷಿಗಳಾಗುವುದಿಲ್ಲ. ಅವನ್ನು ಅವುಗಳ ಮೇಲೆಯೇ ಅಳೆಯಬೇಕು.

ಸಂಕಲನಕ್ಕೆ ಹೆಸರು ಕೊಟ್ಟ ಕಥೆ ಮೊದಲು ಅಚ್ಚಾದದ್ದು 1909ರಲ್ಲಿ, ಬ್ಯೂನಸ್ ಐರಿಸ್‌ನ ‘ಕಾರಾಸ್ ಇ ಕರೇತಾಸ್’ ಎಂಬ ವಾರಪತ್ರಿಕೆಯಲ್ಲಿ. ಮಾತ್ಸೀನಿ ಮತ್ತು ಬೆರ್ತಾ ಎಂಬ ದಂಪತಿಗಳಿಗೆ ನಾಲ್ವರು ಗಂಡುಮಕ್ಕಳು. ಹುಟ್ಟಿದಾಗ ಎಲ್ಲರೂ ಆರೋಗ್ಯವಾಗಿಯೇ ಇದ್ದವರು. ಮಾತು ಬರುವ ವಯಸ್ಸಿನಲ್ಲಿ ಸೆಳವು ಬಂದು, ಒಬ್ಬರಾದ ಮೇಲೊಬ್ಬರು ಬುದ್ಧಿಮಾಂದ್ಯರಾದರು. ಹಗಲಿಡೀ ಅಂಗಳದ ಬೆಂಚಿನ ಮೇಲೆ, ಎದುರಿನ ಇಟ್ಟಿಗೆ ಗೋಡೆಯನ್ನು ನೋಡುತ್ತ ಕುಳಿತಿರುತ್ತಾರೆ. ಸಂಜೆ ಗೋಡೆಯ ಹಿಂದೆ ಸೂರ್ಯ ಇಳಿದು ಬೆಳಕು ಕೆಂಪಾದಾಗ ಅವರಿಗೆ ಸಂತೋಷ. ಆಮೇಲೆ ಒಬ್ಬ ಮಗಳು ಹುಟ್ಟಿದಳು, ಬೆರ್ತೀತಾ. ಅವಳಿಗೆ ಯಾವ ರೋಗವೂ ತಟ್ಟಲಿಲ್ಲ. ತಂದೆತಾಯಿಗಳ ಪ್ರೀತಿಯೆಲ್ಲ ಅವಳತ್ತ ಹರಿಯಿತು. ನಾಲ್ವರು ಗಂಡುಮಕ್ಕಳು ಕೆಲಸದವಳ ಒರಟು ಕೈಗೆ ಬಿದ್ದರು. ಅವಳಿಗೆ ನಾಲ್ಕು ವರ್ಷ ತುಂಬಿದ ಹೊತ್ತಿನಲ್ಲಿ ಒಂದು ಬೆಳಿಗ್ಗೆ, ಮನೆಯವರ ಆಜ್ಞೆಯಂತೆ ಕೆಲಸದವಳು ಅಡುಗೆಮನೆಯಲ್ಲಿ ಕೋಳಿಯ ಕತ್ತು ಕೊಯ್ದು, ಮಾಂಸ ಕೆಡದಿರಲೆಂದು ರಕ್ತವನ್ನು ನಿಧಾನವಾಗಿ ಬಸಿಯುತ್ತಾಳೆ. ಆ ವಿಧಾನವನ್ನು ಅವಳಿಗೆ ಹೇಳಿಕೊಟ್ಟವಳು ಮನೆಯೊಡತಿಯೇ. ಅವಳದನ್ನು ತನ್ನ ತಾಯಿಯಿಂದ ಕಲಿತಿದ್ದಳು. ತಿರುಗಿ ನೋಡಿದರೆ ಬಾಗಿಲಲ್ಲಿ ನಾಲ್ವರು ಹುಡುಗರು ಭುಜಕ್ಕೆ ಭುಜ ತಾಗಿಸಿ ನಿಂತು, ಕಣ್ಣರಳಿಸಿ ನೋಡುತ್ತಿದ್ದಾರೆ. ತಾಯಿ ಬಂದು, ಅವರನ್ನು ಅಲ್ಲಿಂದ ಅಟ್ಟಿಸುತ್ತಾಳೆ. ಅದೇ ಸಂಜೆ ತಂದೆತಾಯಿಗಳು ಎದುರುಮನೆಯವರೊಡನೆ ಮಾತಿಗೆ ನಿಂತಾಗ, ತಂಗಿ ಒಬ್ಬಳೇ ಅಂಗಳದ ಗೋಡೆ ಹತ್ತಲು ಹವಣಿಸುತ್ತಿರುತ್ತಾಳೆ. ಮುಂದೆ ಏನಾಯಿತೆಂದು ಬರೆಯಲು ನನ್ನ ಲೇಖನಿಗೂ ಮನಸ್ಸಿಲ್ಲ, ಬರೆಯುವ ಅಗತ್ಯವೂ ಇಲ್ಲ. ಬೆಳಿಗ್ಗೆ ನೋಡಿದ್ದನ್ನು ಅವರು ಸಂಜೆ ಮಾಡಿದರು.

ಓದಿದ ರಾತ್ರಿ ನಿದ್ರೆ ಬರಲಿಲ್ಲ. ಚಿತ್ತ ಕಲಕಿತ್ತು. ಆದರೆ ಆಚಾರ್ಯರು ದುಃಶ್ರುತಿಗೆ ಕೊಟ್ಟ ಲಕ್ಷಣ ಚಿತ್ತ ಕಲಕುವುದಲ್ಲ, ಕಲುಷಿತವಾಗುವುದು. ಆರಂಭ, ಪರಿಗ್ರಹ, ದುಸ್ಸಾಹಸ, ಮಿಥ್ಯಾತ್ವ, ದ್ವೇಷ, ರಾಗ, ಮದ, ಕಾಮ, ಇವುಗಳಿಂದ ಮನಸ್ಸನ್ನು ಕೊಳೆ ಮಾಡುವ ಗ್ರಂಥಗಳನ್ನು ಕೇಳುವುದೆಂದು ಅವರ ಅಭಿಪ್ರಾಯ. ಈ ಪಟ್ಟಿಯಲ್ಲಿ ಭಯವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬಾವಿಯ ಹೂಳೆತ್ತುವಾಗಲೂ ನೀರು ಕದಡುತ್ತದೆ. ಬಾವಿಗೆ ಕಸ ಎಸೆದಾಗಲೂ ಕದಡುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಬಣ್ಣ.

ಅಲ್ಲದೆ ಭಯಂಕರ ಕಥೆಗಳು ನಮಗೆ ಹೊಸತಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ನಮ್ಮ ಅಜ್ಜಿಯರು ಮಕ್ಕಳಿಗೆ ಹೇಳುತ್ತಿದ್ದರು. ಧ್ಯಾನಸ್ಥನಾದ ಮುನಿಯನ್ನು ಹೆಣ್ಣುನರಿಯೊಂದು ತನ್ನ ಮರಿಗಳೊಡನೆ ಜೀವಂತವಾಗಿ ತಿನ್ನುವ ವರ್ಣನೆಯ ಮುಂದೆ ಕಿರೋಗಾರವರದು ಏನೂ ಅಲ್ಲ. ಜನ್ನನ ಯಶೋಧರ ಚರಿತೆ (1209) ತೆರೆದುಕೊಳ್ಳುವುದೇ ಚಂಡಮಾರಿಯ ಗುಡಿಯಲ್ಲಿ, ಬಲಿಗೆ ತಂದ ಎಳೆಯರಿಬ್ಬರ ಎದುರಿನಲ್ಲಿ. ಕೊಲ್ಲುವುದು ಜೀವವಿಲ್ಲದ ಹಿಟ್ಟಿನ ಹುಂಜವನ್ನಾದರೂ ಆ ಸಂಕಲ್ಪ ಜನ್ಮಜನ್ಮಾಂತರ ಬೆನ್ನಟ್ಟುವ ಕಥೆ ಅದು. ಇವನ್ನು ಯಾರೂ ದುಃಶ್ರುತಿಯೆಂದು ಕರೆದಿಲ್ಲ.

ಹಾಗಾದರೆ ಆ ಸ್ಪ್ಯಾನಿಷ್ ಕಥೆ ನಮ್ಮನ್ನು ಬೇರೆ ಬಗೆಯಲ್ಲಿ ಏಕೆ ಕಾಡುತ್ತದೆ? ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು. ನಮ್ಮ ಕಥೆಗಳಲ್ಲಿ ಖಾತೆಯಿದೆ. ಆ ನರಿ ಸುಮ್ಮನೆ ಬಂದದ್ದಲ್ಲ; ಹಿಂದಿನ ಭವದಲ್ಲಿ ಒದೆತ ತಿಂದ ಅತ್ತಿಗೆ ಅದು. ಹಳೆಯ ಬಾಕಿ, ಅದರ ವಸೂಲಿ, ಎಲ್ಲಕ್ಕೂ ಪುಟಸಂಖ್ಯೆ ಇದೆ. ಭಯವಾದರೂ ಲೆಕ್ಕ ಕೂಡಿಬರುತ್ತದೆ, ಕೇಳುವವನಿಗೆ ಸಮಾಧಾನ. ಕಿರೋಗಾರವರ ಪುಸ್ತಕದಲ್ಲಿ ಆರಂಭ ಶಿಲ್ಕೇ ಇಲ್ಲ. ಒಂದು ಜನ್ಮ, ಒಂದು ಮನೆ, ಒಂದು ಹಗಲು. ನಾಲ್ಕು ದಶಕ ಲೆಕ್ಕಪುಸ್ತಕಗಳ ನಡುವೆ ಕಳೆದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅಸ್ವಸ್ಥತೆ ಇನ್ನೊಂದಿಲ್ಲ. ಕರ್ಮಸಿದ್ಧಾಂತವನ್ನು ಅರಿಯದ ಲೇಖಕರೆಂದು ಇಲ್ಲಿಗೆ ಪುಸ್ತಕವನ್ನು ಮುಚ್ಚಿಡಬಹುದಿತ್ತು. ಆದರೆ ಎರಡನೆಯ ಓದಿನಲ್ಲಿ ಕಂಡ ಸಂಗತಿಯೊಂದು ಹಾಗೆ ಮಾಡಗೊಡಲಿಲ್ಲ.

ಆ ಕಥೆಯಲ್ಲಿ ಲೆಕ್ಕ ಹಾಕುವವರು ಇಲ್ಲದಿಲ್ಲ. ಗಂಡಹೆಂಡಿರು ಕಥೆಯುದ್ದಕ್ಕೂ ಅದನ್ನೇ ಮಾಡುತ್ತಾರೆ. ಮಕ್ಕಳ ರೋಗಕ್ಕೆ ಯಾರ ವಂಶ ಕಾರಣ? ಗಂಡನ ತಂದೆ ಸನ್ನಿಯಿಂದ ಸತ್ತವನೆಂದು ಹೆಂಡತಿ. ಹೆಂಡತಿಯ ಎದೆಗೂಡಿನಲ್ಲಿ ಕ್ಷಯದ ಗಾಯವಿದೆಯೆಂದು ಗಂಡ. ರಾತ್ರಿಗಟ್ಟಲೆ ಇದೇ ಜಗಳ. ಒಂದು ಸಂಜೆ ಗಂಡ ಹೊರಗಿನಿಂದ ಬಂದು ಕೈತೊಳೆಯುತ್ತ, ಹುಡುಗರನ್ನು ಇನ್ನಷ್ಟು ಶುಚಿಯಾಗಿಡಬಾರದೇ ಎಂದು ಹೆಂಡತಿಗೆ ಹೇಳುತ್ತಾನೆ. ಮಕ್ಕಳ ಸ್ಥಿತಿಯ ಬಗ್ಗೆ ನೀವು ಚಿಂತಿಸಿದ್ದನ್ನು ಇದೇ ಮೊದಲು ಕಾಣುತ್ತಿದ್ದೇನೆಂದು ಅವಳ ಉತ್ತರ. ‘ನಿನ್ನ ಮಕ್ಕಳೋ, ನಮ್ಮ ಮಕ್ಕಳೋ’ ಎಂಬುದರ ಮೇಲೆ ಮಾತು ಬೆಳೆಯುತ್ತದೆ. ಬಾಕಿ ಯಾರದೆಂದು ಇತ್ಯರ್ಥವಾಗುವವರೆಗೆ ಮಕ್ಕಳ ಮುಖ ತೊಳೆಯುವವರಿಲ್ಲ.

ಇನ್ನೊಂದು ಸೂಕ್ಷ್ಮ. ಆ ಮಕ್ಕಳಿಗೆ ಏನನ್ನೂ ಕಲಿಸಲಾಗಲಿಲ್ಲ, ಆದರೆ ಅನುಕರಣೆಯ ಶಕ್ತಿ ಸ್ವಲ್ಪ ಇತ್ತೆಂದು ಲೇಖಕರು ಕಥೆಯ ನಡುವೆ ಸದ್ದಿಲ್ಲದೆ ಹೇಳಿಬಿಡುತ್ತಾರೆ. ಮೊದಲ ಓದಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ನೋಡಿ ಕಲಿಯುವುದೊಂದೇ ಅವರಿಗಿದ್ದ ದಾರಿ. ವರ್ಷಗಟ್ಟಲೆ ಅವರ ಕಣ್ಣೆದುರು ಆ ಮನೆಯವರು ಇಟ್ಟದ್ದು ಒಂದು ಗೋಡೆ. ಆಮೇಲೆ ಒಂದೇ ಒಂದು ದಿನ, ಒಂದು ಕೋಳಿ.

ಕೃತ, ಕಾರಿತ, ಅನುಮೋದಿತ ಎಂದು ನಮ್ಮವರು ಹಿಂಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಕೆಲಸದವಳು ಮಾಡಿದಳು, ಯಜಮಾನಿ ಮಾಡಿಸಿದಳು, ಮಧ್ಯಾಹ್ನದ ಊಟಕ್ಕೆ ಕುಳಿತವರೆಲ್ಲ ಅನುಮೋದಿಸಿದರು. ನಾಲ್ಕನೆಯದೊಂದು ಬಗೆಯನ್ನು ಈ ಕಥೆ ಸೇರಿಸುತ್ತದೆಯೋ ಎನಿಸಿತು: ನೋಡುವಂತೆ ಬಿಟ್ಟದ್ದು. ವಿಚಾರ ಮಾಡಿದರೆ ಅದು ನಾಲ್ಕನೆಯದಲ್ಲ. ಪ್ರಮಾದಚರ್ಯೆಯೆಂದು ಅದಕ್ಕೆ ಬಹಳ ಹಿಂದೆಯೇ ಹೆಸರಿಟ್ಟಾಗಿದೆ. ಹಾಗೆ ನೋಡಿದರೆ ಆ ಹುಡುಗರ ಕಣ್ಣಿಗೆ ಬಿದ್ದದ್ದೇ ನಿಜವಾದ ದುಃಶ್ರುತಿ. ಅವರ ಕಥೆಯನ್ನು ಓದುವುದು ದುಃಶ್ರುತಿಯೆಂದು ನಾವು ಚರ್ಚಿಸುತ್ತ ಕುಳಿತಿದ್ದೇವೆ.

ಇಲ್ಲಿ ನಮ್ಮ ಸಮಾಜದ ಬಗ್ಗೆ ಒಂದು ಮಾತು. ಓದುಗರಿಗೆ ಕಹಿಯೆನಿಸಿದರೆ ಕ್ಷಮೆಯಿರಲಿ. ಇಂಥ ಒಂದು ಮಗು ಇರುವ ಮನೆಗಳು ನಮ್ಮಲ್ಲಿಯೂ ಇವೆ. ಪಂಚಕಲ್ಯಾಣಕ್ಕೆ ಮನೆಮಂದಿಯೆಲ್ಲ ಬಂದಾಗ ಆ ಮಗು ಮಾತ್ರ ಬಂದಿರುವುದಿಲ್ಲ. ಅಕ್ಕನಿಗೆ ಸಂಬಂಧ ನೋಡುವಾಗ ಅದನ್ನು ಒಳಕೋಣೆಯಲ್ಲಿ ಕೂಡಿಹಾಕುತ್ತಾರೆ. ಕೇಳಿದರೆ ‘ಅವರವರ ಪೂರ್ವಾರ್ಜಿತ ಕರ್ಮ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಿದ್ಧಾಂತವಾಗಿ ಅದು ತಪ್ಪಲ್ಲ. ಆದರೆ ಭಗವಂತರು ಕರ್ಮದ ಬಗೆಗಳನ್ನು ಅಷ್ಟು ವಿಸ್ತಾರವಾಗಿ ತಿಳಿಸಿದ್ದು ಜೀವನು ತನ್ನ ಆಸ್ರವವನ್ನು ತಡೆಯಲೆಂದು. ಪಕ್ಕದಲ್ಲಿ ಕುಳಿತ ಜೀವದ ಖಾತೆಯನ್ನು ಓದಿ ಕೈತೊಳೆದುಕೊಳ್ಳಲೆಂದಲ್ಲ. ಮಾತ್ಸೀನಿ ವಂಶವೆಂದ, ನಾವು ಕರ್ಮವೆನ್ನುತ್ತೇವೆ. ಬೆಂಚಿನ ಮೇಲೆ ಕುಳಿತ ಹುಡುಗನಿಗೆ ಈ ಎರಡರಿಂದ ದೊರೆತದ್ದು ಒಂದೇ ಗೋಡೆ. ಲೆಕ್ಕವಿಲ್ಲದ ಕಥೆಯೊಂದು ಆ ಆಸರೆಯನ್ನು ಕಿತ್ತುಕೊಂಡು, ‘ಕಾರಣ ಏನಾದರೂ ಇರಲಿ, ನೀನು ಇಂದು ಅತ್ತ ತಿರುಗಿ ನೋಡಿದೆಯಾ?’ ಎಂದು ಕೇಳುವುದಾದರೆ, ಅಂಥ ಕಥೆಯನ್ನು ಓದಿದ ರಾತ್ರಿ ನಿದ್ರೆ ಬಾರದಿರುವುದು ಒಳ್ಳೆಯದೇ.

ಹಾಗೆಂದು ಲೇಖಕರ ಮೇಲಿನ ನನ್ನ ಆಕ್ಷೇಪವನ್ನು ಮುಚ್ಚಿಡಲಾರೆ. ಆ ನಾಲ್ವರನ್ನು ಅವರು ಬಣ್ಣಿಸುವಾಗ ಬಳಸುವ ಮಾತುಗಳು ಕ್ರೂರವಾಗಿವೆ. ಜೊಲ್ಲು, ಜೋತುಬಿದ್ದ ತುಟಿ, ಪಶುಸಹಜ ಹಸಿವು. ಓದುಗನಿಗೆ ಅವರ ಮೇಲೆ ಅಸಹ್ಯ ಹುಟ್ಟಿಸಿ, ಆ ಅಸಹ್ಯದ ಮೇಲೆಯೇ ಭಯವನ್ನು ಕಟ್ಟಿದ್ದಾರೆ. ಬುದ್ಧಿಮಾಂದ್ಯ ಮಗುವನ್ನು ಸಾಕಿದ ತಾಯಿಯೊಬ್ಬಳು ಇದನ್ನು ಓದಿದರೆ ಅವಳ ಹೃದಯಕ್ಕೆ ಎಷ್ಟು ನೋವಾದೀತು! ಇಂಥ ಮಕ್ಕಳು ಅಪಾಯಕಾರಿಗಳೆಂಬ ತಪ್ಪುಗ್ರಹಿಕೆಯನ್ನು ಕಥೆ ಬಿತ್ತಬಹುದು, ಬಿತ್ತಿಯೂ ಇರಬಹುದು. ಲೇಖಕರ ಕೊನೆಯ ದಿನಗಳ ಒಂದು ಸಂಗತಿ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಬ್ಯೂನಸ್ ಐರಿಸ್‌ನ ಆಸ್ಪತ್ರೆಯಲ್ಲಿದ್ದಾಗ, ವಿಕಾರರೂಪದವನೆಂದು ಯಾರ ಕಣ್ಣಿಗೂ ಬೀಳದಂತೆ ನೆಲಮಾಳಿಗೆಯಲ್ಲಿ ಇರಿಸಿದ್ದ ಒಬ್ಬ ರೋಗಿಯ ವಿಷಯ ತಿಳಿದು, ಅವನನ್ನು ಹೊರತಂದು ತಮ್ಮ ಕೋಣೆಯಲ್ಲಿಯೇ ಇರಿಸಬೇಕೆಂದು ಅವರು ಒತ್ತಾಯಿಸಿದರಂತೆ, ಹಾಗೆಯೇ ಆಯಿತಂತೆ. 1909ರ ಕಥೆಗೆ ಇದು ಪ್ರಾಯಶ್ಚಿತ್ತವೆಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಬಿಟ್ಟು ಅದೊಂದನ್ನೇ ಹೇಳುವುದೂ ನ್ಯಾಯವಲ್ಲ.

ಎಲ್ಲ ಕಥೆಗಳೂ ಒಂದೇ ತೂಕದವಲ್ಲ. ‘ಗರಿಯ ದಿಂಬು’ ಬಹಳ ಹೆಸರಾದ ಕಥೆ. ಹೊಸದಾಗಿ ಮದುವೆಯಾದ ಹೆಣ್ಣೊಬ್ಬಳು ಯಾವ ವೈದ್ಯರಿಗೂ ತಿಳಿಯದ ರೋಗದಿಂದ ದಿನದಿನಕ್ಕೆ ರಕ್ತಹೀನಳಾಗಿ ಸಾಯುತ್ತಾಳೆ. ಅವಳು ತಲೆಯಿಟ್ಟು ಮಲಗುತ್ತಿದ್ದ ದಿಂಬಿನೊಳಗೆ ರಕ್ತ ಹೀರಿ ಉಬ್ಬಿದ ಜೀವಿಯೊಂದು ಇತ್ತೆಂದು ಕೊನೆಗೆ ತಿಳಿಯುತ್ತದೆ. ಹಕ್ಕಿಯ ಗರಿಯನ್ನು ಕಿತ್ತು ತುಂಬಿದ ದಿಂಬೆಂಬುದರಲ್ಲಿ ನಮಗೊಂದು ಪಾಠ ಹುಡುಕಬಹುದು; ನನಗೆ ಆ ಉತ್ಸಾಹವಿಲ್ಲ. ಬೆಚ್ಚಿಬೀಳಿಸುವುದೊಂದೇ ಆ ಕಥೆಯ ಉದ್ದೇಶ. ಬೆಚ್ಚಿಬಿದ್ದೆವು, ಮುಗಿಯಿತು. ಪುಸ್ತಕದಲ್ಲಿ ಅನರ್ಥದಂಡದ ಅಂಚಿಗೆ ಬರುವ ಕಥೆಯೆಂದರೆ ಇದು.

ಈ ಸಂಕಲನದಲ್ಲಿಲ್ಲದ, ಆದರೆ 1917ರ ಮೂಲಸಂಪುಟದಲ್ಲಿರುವ ‘ಕಾಡುಜೇನು’ ಎಂಬ ಕಥೆಯನ್ನೂ ಕುತೂಹಲದಿಂದ ಬೇರೆಡೆ ಹುಡುಕಿ ಓದಿದೆ. ಅದರ ನಾಯಕ ಬೆನಿಂಕಾಸಾ ಲೆಕ್ಕಪರಿಶೋಧನೆಯ ವ್ಯಾಸಂಗವನ್ನು ಆಗತಾನೆ ಮುಗಿಸಿದವನು. ವಾಣಿಜ್ಯ ಪದವೀಧರನಾದ ನನಗೆ ಒಡನೆಯೇ ಬಳಗದವನೆನಿಸಿದ. ಕಾಡಿನ ಬದುಕನ್ನು ಒಮ್ಮೆ ಸವಿಯಬೇಕೆಂದು ಹೊಸ ಬೂಟು ಮೆಟ್ಟಿ ಹೊರಟವನು ಮರದ ಪೊಟರೆಯಲ್ಲಿ ಜೇನು ಕಂಡು, ಮೇಣದ ಚೀಲಗಳನ್ನು ಒಂದೊಂದಾಗಿ ಹಿಂಡಿ ಕುಡಿಯುತ್ತಾನೆ. ಆ ಜೇನಿಗೆ ಅಂಗಾಂಗಗಳನ್ನು ಮರಗಟ್ಟಿಸುವ ಗುಣವಿತ್ತು. ಅಲುಗಾಡಲಾಗದೆ ಬಿದ್ದವನ ಮೇಲೆ ಕಪ್ಪು ಇರುವೆಗಳ ಪ್ರವಾಹ ಹರಿದುಬರುತ್ತದೆ. ಎದುರಾದ ಜೀವಿಯನ್ನೆಲ್ಲ ತಿಂದು ಮುನ್ನುಗ್ಗುವ ಆ ಇರುವೆಗಳನ್ನು ಅಲ್ಲಿಯ ಜನ ‘ತಿದ್ದುಪಡಿ’ ಎಂಬ ಅರ್ಥದ ಶಬ್ದದಿಂದ ಕರೆಯುತ್ತಾರಂತೆ. ಲೆಕ್ಕಿಗನಿಗೆ ಎಂಥ ತಿದ್ದುಪಡಿ! ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣವೆಂದು ಬಾಲ್ಯದಿಂದ ಕೇಳಿದ ನಮಗೆ ‘ನೋಡಿದಿರಾ, ಜೇನು ತಿಂದವನ ಗತಿ’ ಎಂದು ಹೇಳುವ ಆಸೆಯಾಗುವುದು ಸಹಜ. ಹಾಗೆ ಹೇಳಬಾರದು. ಮಧುತ್ಯಾಗಕ್ಕೆ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಡುವ ಕಾರಣ ಜೇನ್ನೊಣಗಳ ಮತ್ತು ಅದನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳ ಘಾತ. ತಿಂದವನಿಗೆ ಇರುವೆ ಮುತ್ತುತ್ತದೆಂಬ ಬೆದರಿಕೆಯಲ್ಲ. ಸತ್ತವನ ಮೇಲೆ ನಮ್ಮ ವ್ರತದ ಚೀಟಿಯನ್ನು ಅಂಟಿಸುವುದೂ ಪರರ ಖಾತೆ ಓದುವ ಅದೇ ಚಟ.

‘ಹ್ವಾನ್ ದರಿಯೆನ್’ ಎಂಬ ಕಥೆಯನ್ನು ಮಾತ್ರ ನಮ್ಮ ಪಾಠಶಾಲೆಗಳ ಹಿರಿಯ ಮಕ್ಕಳಿಗೂ ಓದಿಸಬಹುದು, ಒಂದು ಎಚ್ಚರಿಕೆಯೊಡನೆ. ಸಿಡುಬಿನಿಂದ ಹಸುಗೂಸನ್ನು ಕಳೆದುಕೊಂಡ ವಿಧವೆಯೊಬ್ಬಳ ಮನೆಬಾಗಿಲಿಗೆ ಕಣ್ಣು ತೆರೆಯದ ಹುಲಿಮರಿಯೊಂದು ತೆವಳಿ ಬರುತ್ತದೆ. ಅವಳು ಅದಕ್ಕೆ ಎದೆಹಾಲುಣಿಸುತ್ತಾಳೆ. ಊರವರು ಕೊಂದಾರೆಂದು ಅದನ್ನು ಅಪ್ಪಿಕೊಂಡು ಓಡುವಾಗ ಒಂದು ಮುದಿಸರ್ಪ ಎದುರಾಗಿ, ವಿಶ್ವದ ನಿಯಮದ ಮುಂದೆ ಒಂದು ಜೀವಕ್ಕೆ ಇನ್ನೊಂದು ಜೀವ ಸಮಾನವೆಂದು ತಿಳಿಸಿ, ಆ ತಾಯ್ತನದ ಬಲದಿಂದ ಮರಿಗೆ ಮನುಷ್ಯರೂಪ ಬರುವಂತೆ ಮಾಡುತ್ತದೆ. ಕಾಡಿನ ನಡುವೆ ಹಾವೊಂದರ ಬಾಯಿಂದ ಈ ಮಾತನ್ನು ಕೇಳಿದಾಗ ನನಗೆ ರೋಮಾಂಚನವಾಯಿತು. ಜಿನಶಾಸನವನ್ನು ಅರಿಯದ ಒಬ್ಬ ಮನುಷ್ಯನಿಗೆ ಅಹಿಂಸೆಯ ಬೇರು ಅಷ್ಟು ದೂರದಲ್ಲಿ ಕಾಣಿಸಿತಲ್ಲ! ಹುಡುಗ ಸಾಧುವಾಗಿ, ಸತ್ಯವಂತನಾಗಿ ಬೆಳೆಯುತ್ತಾನೆ. ತಾಯಿ ತೀರಿಕೊಂಡ ಮೇಲೆ, ಶಾಲೆಗೆ ಬಂದ ಅಧಿಕಾರಿಯೊಬ್ಬನಿಗೆ ಅವನ ಮೇಲೆ ಅನುಮಾನ ಹುಟ್ಟುತ್ತದೆ. ಕಾಡನ್ನು ವರ್ಣಿಸೆಂದರೆ ಅವನು ನೆಲಮಟ್ಟದಲ್ಲಿ ಹುಲ್ಲಿನ ನಡುವಿನಿಂದ ಕಂಡಂತೆ ವರ್ಣಿಸುತ್ತಾನೆ. ಊರವರು ಅವನನ್ನು ಹೊಡೆದು, ಕಟ್ಟಿ, ಬೆಂಕಿಯಿಡುತ್ತಾರೆ. ಮನುಷ್ಯನಾಗಿದ್ದವನ ಮೈಮೇಲೆ ಹುಲಿಯ ಪಟ್ಟೆಗಳು ಮೂಡುವುದು ಆ ಬೆಂಕಿಯಲ್ಲಿ. ಅನಂತರ ಅವನು ಸೇಡು ತೀರಿಸಿಕೊಂಡು ಕಾಡು ಸೇರುತ್ತಾನೆ. ನನ್ನ ಎಚ್ಚರಿಕೆ ಈ ಸೇಡಿನ ಬಗ್ಗೆ. ಅಲ್ಲಿ ಲೇಖಕರು ಹುಲಿಯ ಪರವಾಗಿ ನಿಂತು ಓದುಗನನ್ನೂ ದ್ವೇಷದಲ್ಲಿ ಪಾಲುದಾರನನ್ನಾಗಿಸುತ್ತಾರೆ. ಆ ಎರಡು ಪುಟಗಳಿಗೆ ಆಚಾರ್ಯರ ಲಕ್ಷಣ ತಪ್ಪದೆ ಅನ್ವಯಿಸುತ್ತದೆ. ಇಡೀ ಪುಸ್ತಕಕ್ಕಲ್ಲ, ಎರಡು ಪುಟಗಳಿಗೆ. ಒಂದೇ ಗ್ರಂಥದಲ್ಲಿ ಗ್ರಾಹ್ಯವೂ ತ್ಯಾಜ್ಯವೂ ಬೆರೆತಿರುವಾಗ ಆರಿಸಿಕೊಳ್ಳುವ ಕೆಲಸ ಓದುಗನದು. ಹೊದಿಕೆಯನ್ನು ನೋಡಿ ನಿರ್ಧರಿಸುವುದು ಸುಲಭವಾದರೂ, ಕಾಳು ನೋಡದೆ ಮೂಟೆ ಕೊಳ್ಳುವ ವ್ಯಾಪಾರಿಯನ್ನು ನಾನಿನ್ನೂ ಕಂಡಿಲ್ಲ.

ಸಂಕಲನದ ಶ್ರೇಷ್ಠ ಕಥೆ ಯಾವುದೆಂದು ಕೇಳಿದರೆ ‘ಮಗ’ ಎನ್ನುತ್ತೇನೆ. ಇದು ಲೇಖಕರ ಕೊನೆಯ ವರ್ಷಗಳ ಬರಹ, 1935ರ ಸಂಪುಟದಲ್ಲಿ ಸೇರಿರುವುದು. ಇದರಲ್ಲಿ ರಕ್ತವಿಲ್ಲ, ಕ್ರೌರ್ಯವಿಲ್ಲ. ಮಿಸಿಯೋನೆಸ್‌ನ ಬೇಸಗೆಯ ಒಂದು ಬೆಳಿಗ್ಗೆ ಹದಿಮೂರು ವರ್ಷದ ಹುಡುಗ ಬಂದೂಕು ಹಿಡಿದು ಹಕ್ಕಿಬೇಟೆಗೆ ಹೊರಡುತ್ತಾನೆ. ತಂದೆ ವಿಧುರ, ಆ ಮಗನ ಹೊರತು ಅವನಿಗೆ ಬೇರೆ ಆಸೆಯಾಗಲಿ ನಂಬಿಕೆಯಾಗಲಿ ಇಲ್ಲ. ಮಾತ್ಸೀನಿಯಂತೆ ಇವನು ಕೈತೊಳೆದುಕೊಂಡವನಲ್ಲ. ಅಪಾಯವನ್ನು ಅರಿತು ನಡೆಯುವಂತೆ ಮಗನನ್ನು ಎಳವೆಯಿಂದಲೇ ತಿದ್ದಿದವನು, ಜೋಪಾನ ಹೇಳಿ ಕಳುಹಿಸಿದವನು, ಮಧ್ಯಾಹ್ನಕ್ಕೆ ಮರಳುವೆನೆಂಬ ಮಾತು ಪಡೆದವನು. ಮಗನು ಸತ್ತುಬಿದ್ದಂತೆ ಆಗಾಗ ಕಣ್ಣಿಗೆ ಕಟ್ಟುವ ಭ್ರಮೆಯಿಂದ ನರಳುವಷ್ಟು ಪ್ರೀತಿ. ಪ್ರಮಾದವನ್ನು ಇಲ್ಲಿ ಎಲ್ಲಿ ಹುಡುಕುವುದು? ಹಿಂಸಾದಾನವನ್ನು ವಿವರಿಸುವಾಗ ಆಚಾರ್ಯರು ಆಯುಧವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಹೆಸರಿಸಿಯೇ ಹೇಳಿದ್ದಾರೆ, ನಿಜ. ಆದರೆ ಆ ಕಾಡಿನಲ್ಲಿ ಬಂದೂಕಿಲ್ಲದ ಮನೆಯಿರಲಿಲ್ಲ. ಆ ತಂದೆಯ ಮಟ್ಟಿಗೆ ಅದು ಮಗನಿಗೆ ಬದುಕಲು ಕಲಿಸಿದ್ದು. ತನ್ನ ತಂದೆಯನ್ನೂ ಮಿತ್ರನನ್ನೂ ಬಂದೂಕಿನ ಬಾಯಿಗೆ ಕಳೆದುಕೊಂಡ ಲೇಖಕರು ಆ ಹುಡುಗನ ಕೈಗೆ ಅದನ್ನು ಕೊಡುವಾಗ ಏನನ್ನು ಅನುಭವಿಸಿದರೋ.

ಮಧ್ಯಾಹ್ನವಾದರೂ ಮಗ ಬರುವುದಿಲ್ಲ. ತಂದೆ ಹುಡುಕಹೊರಡುತ್ತಾನೆ. ಬಿಸಿಲಿನಲ್ಲಿ ಕೂಗುತ್ತ, ಅಳುತ್ತ, ಅಲೆದು, ಕೊನೆಗೆ ಪೊದೆಯ ಮರೆಯಿಂದ 
ಬರುತ್ತಿರುವ ಮಗನನ್ನು ಕಾಣುತ್ತಾನೆ. ಅಪ್ಪಿಕೊಂಡು, ಹೆಗಲ ಮೇಲೆ ಕೈಯಿಟ್ಟು, ಬೆವರು ಸುರಿಸುತ್ತ, ಸಂತೋಷದಿಂದ ನಗುತ್ತ ಮನೆಯತ್ತ ನಡೆಯುತ್ತಾನೆ. ಅವನ ತೋಳಿನ ಕೆಳಗೆ ಇರುವುದು ಬರಿಯ ಗಾಳಿ. ಮುಳ್ಳುತಂತಿಗೆ ಕಾಲು ಸಿಕ್ಕಿಕೊಂಡು, ಬೆಳಿಗ್ಗೆ ಹತ್ತರಿಂದಲೂ ಬಿಸಿಲಿನಲ್ಲಿ ಮಗ ಸತ್ತು ಬಿದ್ದಿದ್ದಾನೆ.

ಕೊನೆಯ ಸಾಲಿನಿಂದ ನಾನು ಮೊದಲ ಪುಟಕ್ಕೆ ಮರಳಿದೆ. ಅಲ್ಲೊಂದು ಪುಟ್ಟ ಸಂಗತಿಯಿದೆ. ಮೊದಲ ಓದಿನಲ್ಲಿ ಕಣ್ಣು ಅದರ ಮೇಲೆ ನಿಂತಿರಲಿಲ್ಲ. ಮಗ ಹೊರಟುಹೋದ ಮೇಲೆ ತಂದೆ ತನ್ನ ಕೆಲಸದಲ್ಲಿ ತೊಡಗಿರುವಾಗ ದೂರದಲ್ಲಿ ಗುಂಡಿನ ಸದ್ದೊಂದು ಕೇಳಿಸುತ್ತದೆ. ಅದು ಮಗನ ಬಂದೂಕಿನದೇ ಎಂದು ಗುರುತಿಸಿ, ಕಾಡಿನಲ್ಲಿ ಎರಡು ಪಾರಿವಾಳಗಳು ಕಡಿಮೆಯಾದವೆಂದು ಲೆಕ್ಕ ಹಾಕಿಕೊಳ್ಳುತ್ತಾನೆ. ಅದರ ಬಳಿಕ ಬೇರೆ ಯಾವ ಗುಂಡಿನ ಸದ್ದೂ ತನಗೆ ಕೇಳಿಸಲಿಲ್ಲವೆಂಬುದು ಅವನ ನೆನಪಿಗೆ ಬರುವುದು ಮೂರು ಗಂಟೆ ಕಳೆದ ಮೇಲೆ. ಪಾರಿವಾಳಗಳಿಗಾಗಿ ಮಗ ಸತ್ತನೆಂದು ಲೇಖಕರು ಹೇಳುವುದಿಲ್ಲ, ನಾನೂ ಹೇಳಲಾರೆ. ಒಂದು ಸದ್ದು ಕೇಳಿಸಿತು. ಪ್ರೀತಿಯಿಂದ ತುಂಬಿದ್ದ ಆ ಮನುಷ್ಯನ ಕಿವಿಗೆ ಅದು ಎರಡು ಜೀವಗಳ ಸದ್ದಾಗಿ ಬಂತು, ಆದ್ದರಿಂದ ಹಗುರವಾಗಿ ಬಂತು. ಅವನು ಅದಕ್ಕೆ ಹೆಚ್ಚು ಗಮನ ಕೊಡದೆ ತಲೆಬಾಗಿಸಿ ಮತ್ತೆ ತನ್ನ ಕೆಲಸದಲ್ಲಿ ಮುಳುಗಿದನು.